ನೆಲದ ಮೇಲೆ ಹಾರಾಟ ಕಲಿಸಿದ ಎಡ್ವಿನ್ ಆಲ್ಬರ್ಟ್ ಲಿಂಕ್

ನಮ್ಮ ಹಿರಿಯರ ಕಾಲದ ಕೂಲಿಮಠಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸವನ್ನು ಮರಳಿನ ಮೇಲೆ ಮಾಡಿಸುತ್ತಿದ್ದರೆಂಬುದನ್ನು ಕೇಳಿ ಬಲ್ಲೆವು. ಬೆರಳು ತಪ್ಪಿದರೆ ಐಗಳು ಅಂಗೈಯಿಂದ ಮರಳನ್ನು ಸಮಮಾಡಿ ಮತ್ತೊಮ್ಮೆ ತಿದ್ದಿಸುತ್ತಿದ್ದರು. ಅನಂತರ ಪಾಟಿ ಬಂದಿತು, ಬಳಪ ಬಂದಿತು, ಒದ್ದೆ ಬಟ್ಟೆಯಿಂದ ಒರೆಸಿ ಬರೆಯುವ ಕ್ರಮ ಬಂದಿತು. ಸಾಧನ ಬದಲಾದರೂ ಅದರ ಒಳತತ್ತ್ವ ಬದಲಾಗಲಿಲ್ಲ. ತಪ್ಪನ್ನು ಮಾಡಲು ಎಡೆಯಿರಬೇಕು, ಮಾಡಿದ ತಪ್ಪು ಕಣ್ಣಿಗೆ ಕಾಣಬೇಕು, ಕಂಡ ತಪ್ಪನ್ನು ಅಳಿಸಲು ಬರಬೇಕು. ಅಧ್ಯಾಪನವೃತ್ತಿಯಲ್ಲಿರುವ ನಮಗೆಲ್ಲ ಇದು ನಿತ್ಯದ ಅನುಭವ. ಆದರೆ ಒಮ್ಮೆ ತಪ್ಪಿದರೆ ಎರಡನೆಯ ಸಲ ತಿದ್ದಲು ಶಿಷ್ಯನೇ ಉಳಿಯದಂಥ ವಿದ್ಯೆಗಳೂ ಲೋಕದಲ್ಲಿವೆ. ವಿಮಾನ ನಡೆಸುವ ವಿದ್ಯೆ ಅಂಥವುಗಳಲ್ಲಿ ಒಂದು. ಆ ವಿದ್ಯೆಗೆ ಮರಳಹಾಸನ್ನು ಒದಗಿಸಿಕೊಟ್ಟವರು ಅಮೆರಿಕೆಯ ಎಡ್ವಿನ್ ಆಲ್ಬರ್ಟ್ ಲಿಂಕ್. ಯಂತ್ರಶಾಸ್ತ್ರದಲ್ಲಿ ಈ ಲೇಖಕನಿಗೆ ಪರಿಶ್ರಮವಿಲ್ಲ. ಉಪಾಧ್ಯಾಯರಿಗೆ ಉಪಾಧ್ಯಾಯರಾಗಿದ್ದ ಒಬ್ಬ ಕುಶಲಕರ್ಮಿಯ ಜೀವನವೆಂಬ ಭಾವನೆಯಿಂದ ಅವರ ಚರಿತ್ರೆಯನ್ನು ಇಲ್ಲಿ ನಿರೂಪಿಸಲಾಗಿದೆ.

ಲಿಂಕ್ ಅವರು 1904ನೆಯ ಇಸವಿ ಜುಲೈ 26ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ಪ್ರಾಂತದ ಹಂಟಿಂಗ್‌ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆಯ ಹೆಸರೂ ಎಡ್ವಿನ್ ಲಿಂಕ್ ಎಂದೇ. 1910ರಲ್ಲಿ ಕುಟುಂಬವು ನ್ಯೂಯಾರ್ಕ್ ಪ್ರಾಂತದ ಬಿಂಗ್‌ಹ್ಯಾಂಟನ್ ಪಟ್ಟಣಕ್ಕೆ ಬಂದು ನೆಲೆಸಿತು. ದಿವಾಳಿಯೆದ್ದಿದ್ದ ಒಂದು ವಾದ್ಯ ತಯಾರಿಕೆಯ ಕಾರ್ಖಾನೆಯನ್ನು ತಂದೆ ಕೊಂಡು, ಅದಕ್ಕೆ ತಮ್ಮ ಮನೆತನದ ಹೆಸರನ್ನಿಟ್ಟು ನಡೆಸತೊಡಗಿದರು. ಅಲ್ಲಿ ತಯಾರಾಗುತ್ತಿದ್ದುದು ತಾವಾಗಿಯೇ ನುಡಿಯುವ ಪಿಯಾನೋಗಳು ಮತ್ತು ಚಿತ್ರಮಂದಿರಗಳ ದೊಡ್ಡ ಆರ್ಗನ್‌ಗಳು. ಆಗಿನ್ನೂ ಮೂಕಿ ಚಿತ್ರಗಳ ಕಾಲ. ತೆರೆಯ ಮೇಲಿನ ನಗು ಅಳುಗಳಿಗೆ ತಕ್ಕ ಸ್ವರವನ್ನು ಚಿತ್ರಮಂದಿರದ ಆರ್ಗನ್ನೇ ಒದಗಿಸಬೇಕಾಗಿತ್ತು.

ಈ ವಾದ್ಯಗಳ ಒಳರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಮುಂದಿನ ಕಥೆಯೆಲ್ಲ ಅದರಿಂದಲೇ ಹೊರಟದ್ದು. ನಮ್ಮ ನಾಟಕ ಕಂಪನಿಗಳ ಕಾಲುಪೇಟಿಯನ್ನು ಬಿಚ್ಚಿ ನೋಡಿದವರಿಗೆ ಅದರ ಪ್ರಾಣವೆಲ್ಲ ತಿದಿಯಲ್ಲಿದೆಯೆಂಬುದು ಗೊತ್ತು. ತಾನಾಗಿ ನುಡಿಯುವ ಪಿಯಾನೋದಲ್ಲಿ ಒಂದೇ ತಿದಿಯಲ್ಲ, ಹತ್ತಾರು ಚಿಕ್ಕ ದೊಡ್ಡ ತಿದಿಗಳಿರುತ್ತವೆ. ರಂಧ್ರಗಳನ್ನು ಕೊರೆದ ಕಾಗದದ ಸುರುಳಿಯೊಂದು ಹರಿಯುತ್ತ ಹೋದಂತೆ ರಂಧ್ರ ಬಂದಲ್ಲಿ ಗಾಳಿ ಒಳನುಗ್ಗಿ, ತಿದಿಯಿಂದ ಗಾಳಿ ಹೀರಲ್ಪಟ್ಟು, ಅದು ಮಡಿಚಿಕೊಂಡು ಸುತ್ತಿಗೆಯನ್ನು ಎಳೆಯುತ್ತದೆ. ಊದುವುದಕ್ಕಿಂತ ಹೀರುವುದರಲ್ಲಿಯೇ ಈ ಯಂತ್ರದ ಬಲ. ಅಲ್ಪ ಗಾಳಿಯಿಂದ ಭಾರವಾದ ವಸ್ತುವನ್ನು ಹದವಾಗಿ, ನಿಧಾನವಾಗಿ, ಬೇಕಾದಷ್ಟೇ ಅಲುಗಿಸುವ ಈ ಕಲೆಯನ್ನು ಬಾಲಕ ಎಡ್ವಿನ್ ತಂದೆಯ ಕಾರ್ಖಾನೆಯಲ್ಲಿ ಕೈಯಾರೆ ಕಲಿತನು. ಶಾಲೆಯ ಓದು ಅವನಿಗೆ ಒಗ್ಗಲಿಲ್ಲ. ಪ್ರೌಢಶಿಕ್ಷಣವನ್ನೂ ಅವನು ಪೂರೈಸಲಿಲ್ಲವೆಂಬುದನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಲು ತುಸು ಸಂಕೋಚವಾದರೂ ಮರೆಮಾಚುವುದು ಸರಿಯಲ್ಲ.

1920ರಲ್ಲಿ, ಹದಿನಾರರ ಹರೆಯದಲ್ಲಿ, ಲಾಸ್ ಏಂಜಲೀಸ್ ನಗರದಲ್ಲಿ ಅವನು ಮೊದಲ ಹಾರಾಟದ ಪಾಠಕ್ಕೆ ಹೋದನು. ಪ್ರಸಿದ್ಧ ಹಾಸ್ಯನಟ ಚಾರ್ಲಿ ಚಾಪ್ಲಿನ್ ಅವರಿಗೆ ಸಿಡ್ನಿ ಚಾಪ್ಲಿನ್ ಎಂಬ ಅಣ್ಣನಿದ್ದರು. ತಾಯಿ ಒಬ್ಬರೇ, ತಂದೆ ಬೇರೆ. ಅವರೇ ಅಲ್ಲಿ ವಿಮಾನಗಳನ್ನಿಟ್ಟುಕೊಂಡು ಉದ್ಯಮ ನಡೆಸುತ್ತಿದ್ದವರು. ಒಂದು ಗಂಟೆಯ ಪಾಠಕ್ಕೆ 50 ಡಾಲರ್ ಶುಲ್ಕ. ಆ ಕಾಲಕ್ಕೆ ಅದು ಹುಡುಗನೊಬ್ಬನಿಗೆ ಹೊರೆಯಾದ ಹಣ. ಶಿಕ್ಷಕರು ವಿಮಾನವನ್ನು ಮೇಲಕ್ಕೊಯ್ದು ಸುತ್ತು ಹಾಕಿಸಿದರು, ಲಾಗ ಹೊಡೆಸಿದರು, ನೆಲದ ಮೇಲೆ ತಗ್ಗಾಗಿ ಹಾರಿಸಿ ಕೊನೆಗೆ ಇಳಿಸಿದರು. ಶಿಷ್ಯನಿಗೆ ಮಾತ್ರ ಹಿಡಿಕೋಲನ್ನು ಒಮ್ಮೆಯೂ ಮುಟ್ಟಗೊಡಲಿಲ್ಲ. ಪಾಠ ಮುಗಿಯಿತು, ಹಣ ಹೋಯಿತು, ವಿದ್ಯೆ ಬರಲಿಲ್ಲ.

ಶಿಕ್ಷಕರನ್ನು ದೂಷಿಸುವುದು ಸುಲಭ. ಆದರೆ ಅವರ ಸ್ಥಾನದಲ್ಲಿ ನಿಂತು ಆಲೋಚಿಸಬೇಕು. ಏನೂ ಅರಿಯದ ಹುಡುಗನ ಕೈಗೆ ವಿಮಾನವನ್ನು ಕೊಟ್ಟರೆ ಶಿಷ್ಯ, ಗುರು, ವಿಮಾನ ಮೂರೂ ನಷ್ಟವಾಗುವ ಸಂಭವ. ಕೊಡದಿದ್ದರೆ ವಿದ್ಯೆ ಬರುವ ದಾರಿಯೇ ಇಲ್ಲ. ಈ ಇಕ್ಕಟ್ಟನ್ನು ಹಿಂದೆಯೂ ಕೆಲವರು ಗಮನಿಸಿದ್ದರು. ಫ್ರಾನ್ಸಿನ ಆಂತ್ವಾನೆತ್ ಕಂಪನಿಯವರು 1910ರ ಸುಮಾರಿಗೆ ಅರ್ಧ ಪೀಪಾಯಿಯೊಂದನ್ನು ಇನ್ನೊಂದರ ಮೇಲೆ ಕೂಡಿಸಿ, ಸಹಾಯಕರು ಅದನ್ನು ಕೈಯಿಂದ ಓಲಾಡಿಸುತ್ತಿದ್ದಂತೆ ಶಿಷ್ಯನು ಸಮತೋಲವನ್ನು ಕಲಿಯುವ ಏರ್ಪಾಡು ಮಾಡಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಅದೇ ದೇಶದವರು ರೆಕ್ಕೆ ಕತ್ತರಿಸಿದ ವಿಮಾನಗಳನ್ನು ಬಯಲಿನಲ್ಲಿ ಓಡಿಸಿ ಅಭ್ಯಾಸ ಮಾಡಿಸುತ್ತಿದ್ದರು. ಹಾರಲಾರದ ಹಕ್ಕಿಯ ನೆನಪಿನಿಂದ ಅವಕ್ಕೆ ಪೆಂಗ್ವಿನ್ ಎಂಬ ಹೆಸರಾಯಿತು. ಲಿಂಕ್ ಅವರೇ ಪ್ರಪ್ರಥಮರೆಂದು ಹೇಳುವುದು ಆದುದರಿಂದ ಯಥಾರ್ಥವಾಗದು. ಶಿಷ್ಯನು ಕೋಲನ್ನು ಅಲುಗಿಸಿದಷ್ಟಕ್ಕೆ ತಕ್ಕಂತೆ ತಾನಾಗಿಯೇ ಮಣಿಯುವ ಯಂತ್ರವನ್ನು ಸಮರ್ಥವಾಗಿ ಮಾಡಿ, ಅದನ್ನು ಲೋಕದ ಬಳಕೆಗೆ ತಂದವರು ಅವರು.

ಮಗನ ವಿಮಾನದ ಗೀಳು ತಂದೆಗೆ ಹಿಡಿಸುವಂತಿರಲಿಲ್ಲ. ಆದರೂ ಲಿಂಕ್ ಅವರು ಬಿಡುವಿನಲ್ಲಿ ವಿಮಾನದ ಬಯಲಿಗೆ ಹೋಗಿ, ಸಿಕ್ಕವರ ಹಿಂದೆ ಕುಳಿತು, ಚೂರು ಚೂರಾಗಿ ವಿದ್ಯೆಯನ್ನು ಸಂಪಾದಿಸಿದರು. 1927ರಲ್ಲಿ ಸೆಸ್ನಾ ಕಂಪನಿಯು ಗಿರಾಕಿಗೆ ಒಪ್ಪಿಸಿದ ಮೊತ್ತಮೊದಲ ವಿಮಾನವನ್ನು ಕೊಂಡು, ಊರೂರಿಗೆ ಹೋಗಿ ಹಾರಿಸಿ ತೋರಿಸುತ್ತ, ಬಾಡಿಗೆಗೆ ಜನರನ್ನು ಕರೆದೊಯ್ಯುತ್ತ, ಪಾಠ ಹೇಳುತ್ತ ಹೊಟ್ಟೆ ಹೊರೆದುಕೊಂಡರು. ಇಲ್ಲಿ ಅವರಿಗೆ ಗುರುಸ್ಥಾನದ ಇಕ್ಕಟ್ಟೂ ಅನುಭವಕ್ಕೆ ಬಂದಿತು. ಶಿಷ್ಯನಾಗಿ ತಾವು ಯಾವುದಕ್ಕೆ ಹಾತೊರೆದಿದ್ದರೋ ಅದನ್ನು ಗುರುವಾಗಿ ಕೊಡುವುದು ಎಷ್ಟು ಕಠಿನವೆಂಬುದು ಮನಗಂಡಿತು.

ಆ ವರ್ಷದಿಂದಲೇ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಅವರ ಪ್ರಯೋಗ ಪ್ರಾರಂಭವಾಯಿತು. ಸುಮಾರು ಒಂದೂವರೆ ವರ್ಷ ಕೆಲಸ ನಡೆಯಿತು. ಗಿಡ್ಡ ರೆಕ್ಕೆ ಬಾಲಗಳಿದ್ದ, ಮಕ್ಕಳ ಆಟಿಕೆಯಂತೆ ಕಾಣುವ ಒಂದು ಮರದ ವಿಮಾನ. ಅದರ ತಳದಲ್ಲಿ ಆರ್ಗನ್ನಿನ ತಿದಿಗಳು. ವಿದ್ಯುತ್ತಿನಿಂದ ನಡೆಯುವ ಪಂಪೊಂದು ಗಾಳಿಯನ್ನು ಹೀರುತ್ತಿತ್ತು. ಶಿಷ್ಯನು ಹಿಡಿಕೋಲನ್ನು ಹಿಂದಕ್ಕೆಳೆದರೆ ಕವಾಟ ತೆರೆದು ಒಂದು ತಿದಿ ಮಡಿಚಿಕೊಳ್ಳುವುದು, ಇನ್ನೊಂದು ಬಿಚ್ಚಿಕೊಳ್ಳುವುದು, ವಿಮಾನದ ಮೂತಿ ಮೇಲಕ್ಕೇಳುವುದು. ಪಕ್ಕಕ್ಕೆ ಹೊರಳಿಸಿದರೆ ಪಕ್ಕಕ್ಕೆ ವಾಲುವುದು. ಕಾಲಿನ ಪೆಡಲನ್ನು ತುಳಿದರೆ ಪಿಯಾನೋದ ಕಾಗದದ ಸುರುಳಿಯನ್ನು ತಿರುಗಿಸುತ್ತಿದ್ದಂಥದೇ ಗಾಳಿಯ ಮೋಟಾರು ಇಡೀ ವಿಮಾನವನ್ನು ಪೀಠದ ಮೇಲೆ ಸುತ್ತಿಸುವುದು. ಹೊಸದಾಗಿ ಸೃಷ್ಟಿಸಿದ್ದು ಅತ್ಯಲ್ಪ. ಕಣ್ಣೆದುರು ಬಿದ್ದಿದ್ದ ವಸ್ತುಗಳಲ್ಲಿ ಮತ್ತೊಂದು ಪ್ರಯೋಜನವನ್ನು ಕಂಡದ್ದೇ ಹೆಚ್ಚು. 1929ರ ಏಪ್ರಿಲಿನಲ್ಲಿ ಏಕಸ್ವಾಮ್ಯಕ್ಕೆ ಅರ್ಜಿ ಹಾಕಿದರು. 1931ರ ಸೆಪ್ಟೆಂಬರ್ 29ರಂದು ಅದು ಮಂಜೂರಾಯಿತು.

ಆ ಅರ್ಜಿಯ ಶೀರ್ಷಿಕೆಯಲ್ಲಿಯೇ ಒಂದು ವಿನೋದವಿದೆ. ವಿಮಾನ ವಿದ್ಯಾರ್ಥಿಗಳ ಶಿಕ್ಷಣಸಾಧನವೆಂದೂ ಮನೋರಂಜನೆಯ ಯಂತ್ರವೆಂದೂ ಅವರು ಎರಡನ್ನೂ ಒಟ್ಟಿಗೆ ನಮೂದಿಸಿದ್ದರು. ಲೋಕವು ಮೊದಲು ಸ್ವೀಕರಿಸಿದ್ದು ಎರಡನೆಯದನ್ನೇ. ವಿಮಾನಶಾಲೆಗಳವರು ಇದನ್ನು ಕಂಡು ನಕ್ಕರು. ಜಾತ್ರೆಯ ತೊಟ್ಟಿಲಿನಂತೆ ವಿನೋದವನಗಳವರು ಇದನ್ನು ಕೊಂಡು, ನಾಣ್ಯ ತೆತ್ತು ಬಂದವರನ್ನು ಕೂಡಿಸಿ ಓಲಾಡಿಸಿದರು. ನೌಕಾದಳವು 1931ರಲ್ಲಿ ಒಂದನ್ನು ಕೊಂಡದ್ದು ಬಿಟ್ಟರೆ ಸರಕಾರದ ಕಡೆಯಿಂದ ಆದರ ದೊರೆಯಲಿಲ್ಲ. ಇತ್ತ ಮಾತನಾಡುವ ಚಿತ್ರಗಳು ಬಂದು ಚಿತ್ರಮಂದಿರದ ಆರ್ಗನ್‌ಗಳನ್ನು ಕೇಳುವವರಿಲ್ಲವಾದರು. ಆರ್ಥಿಕ ಮುಗ್ಗಟ್ಟು ದೇಶವನ್ನೇ ಆವರಿಸಿತು. ತಂದೆಯ ಉದ್ಯಮ ಕುಸಿಯಿತು.

1930ರಲ್ಲಿ ಲಿಂಕ್ ಅವರು ಬಿಂಗ್‌ಹ್ಯಾಂಟನ್ನಿನಲ್ಲಿ ತಮ್ಮದೇ ವಿಮಾನಶಾಲೆಯನ್ನು ತೆರೆದು, ಪಾಠದ ಬಹುಭಾಗವನ್ನು ನೆಲದ ಮೇಲಿನ ಯಂತ್ರದಲ್ಲಿಯೇ ಮುಗಿಸಿ, 85 ಡಾಲರಿಗೆ ಒಬ್ಬೊಂಟಿಯಾಗಿ ಹಾರುವಷ್ಟು ಕಲಿಸುವುದಾಗಿ ಸಾರಿದರು. ಕಲಿತವರು ಕಲಿತರು. ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ 85 ಡಾಲರ್ ಕೊಡುವವರು ವಿರಳರಾದರು. ಹೊಟ್ಟೆಪಾಡಿಗಾಗಿ ವಿಮಾನದ ರೆಕ್ಕೆಯಡಿ ದೀಪದ ಅಕ್ಷರಗಳನ್ನು ಜೋಡಿಸಿ, ಪಿಯಾನೋದ ಸುರುಳಿಯ ಯುಕ್ತಿಯಿಂದಲೇ ಅವನ್ನು ಹತ್ತಿಸಿ ಆರಿಸುತ್ತ, ರಾತ್ರಿಯ ಆಕಾಶದಲ್ಲಿ ಜಾಹೀರಾತು ತೋರಿಸುವ ಕೆಲಸವನ್ನೂ ಮಾಡಿದರು. 1931ರಲ್ಲಿ ಪತ್ರಿಕಾಕರ್ತೆಯಾಗಿದ್ದ ಮರಿಯನ್ ಕ್ಲೇಟನ್ ಅವರೊಡನೆ ವಿವಾಹವಾಯಿತು. ಮುಂದಿನ ಐವತ್ತು ವರ್ಷಗಳ ಏಳುಬೀಳುಗಳಲ್ಲಿ ಆಕೆ ಸಹಧರ್ಮಿಣಿಯೂ ಸಹೋದ್ಯೋಗಿಯೂ ಆಗಿದ್ದರು.

ಈ ನಡುವೆ ವಿಮಾನವಿದ್ಯೆಯಲ್ಲಿ ಬೇರೊಂದು ಪ್ರಶ್ನೆ ತಲೆಯೆತ್ತಿತ್ತು. ಮೋಡದೊಳಗೆ ಹೊಕ್ಕಾಗ ದಿಗಂತ ಕಾಣದು. ಆಗ ಮನುಷ್ಯನು ನಂಬುವುದು ತನ್ನ ಶರೀರವನ್ನು. ಶರೀರವಾದರೋ ಸುಳ್ಳು ಹೇಳುತ್ತದೆ. ಕಿವಿಯೊಳಗಿನ ದ್ರವದಿಂದ ನಮಗೆ ಓಲಾಟದ ಅರಿವು ಬರುತ್ತದಷ್ಟೆ. ನಿಧಾನವಾಗಿ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಆ ಅರಿವು ಅಳಿಸಿಹೋಗಿ ನೇರವಾಗಿ ಹೋಗುತ್ತಿರುವಂತೆ ಭಾಸವಾಗುವುದು. ತಿರುಗುವುದನ್ನು ನಿಲ್ಲಿಸಿದರೆ ಎದುರು ದಿಕ್ಕಿಗೆ ತಿರುಗಿದಂತೆ ಭ್ರಮೆಯಾಗುವುದು. ಚಿಕ್ಕಂದಿನಲ್ಲಿ ಗಿರಗಿರನೆ ಸುತ್ತಿ ನಿಂತವರಿಗೆಲ್ಲ ಇದು ತಿಳಿದ ಸಂಗತಿ. ನೆಲದ ಮೇಲೆ ಇದು ಆಟ. ಮೋಡದಲ್ಲಿ ಇದರಿಂದ ಎಷ್ಟೋ ನುರಿತ ವೈಮಾನಿಕರು ಸುರುಳಿ ಸುತ್ತುತ್ತ ನೆಲಕ್ಕೆ ಬಿದ್ದರು. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟ್ಲ್ ಎಂಬ ಸೇನಾ ವೈಮಾನಿಕರು ಮುಚ್ಚಿದ ಆಸನದಲ್ಲಿ ಕುಳಿತು, ಹೊರಗೆ ಏನನ್ನೂ ನೋಡದೆ, ಮಾಪಕಗಳನ್ನು ಮಾತ್ರ ನಂಬಿ ಏರಿ, ಹಾರಿ, ಇಳಿದು ತೋರಿಸಿದ್ದರು. ಒಬ್ಬ ಸಾಹಸಿಗೆ ಸಾಧ್ಯವಾದುದನ್ನು ಸಾವಿರ ಜನ ಸಾಮಾನ್ಯರಿಗೆ ಕಲಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರವು ಬಿಂಗ್‌ಹ್ಯಾಂಟನ್ನಿನ ನೆಲಮಾಳಿಗೆಯಲ್ಲಿತ್ತು. ಲಿಂಕ್ ಅವರು ತಮ್ಮ ಯಂತ್ರಕ್ಕೆ ಮಾಪಕಗಳನ್ನು ಜೋಡಿಸಿ, ಶಿಷ್ಯನ ತಲೆಯ ಮೇಲೆ ಮುಚ್ಚಳವೊಂದನ್ನು ಅಳವಡಿಸಿದರು.

ಸರಕಾರದ ಕಣ್ಣು ತೆರೆದದ್ದು 1934ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಅವರು ಖಾಸಗಿ ಕಂಪನಿಗಳ ಟಪ್ಪಾಲು ಒಪ್ಪಂದಗಳನ್ನು ರದ್ದುಪಡಿಸಿ, ವಿಮಾನ ಟಪ್ಪಾಲಿನ ಹೊಣೆಯನ್ನು ಸೇನೆಗೆ ವಹಿಸಿದರು. ಆ ಚಳಿಗಾಲವು ಅತ್ಯಂತ ಘೋರವಾಗಿತ್ತು. ಹಗಲು ಬೆಳಕಿನ ಹಾರಾಟದಲ್ಲಿ ಮಾತ್ರ ಪಳಗಿದ್ದ ತರುಣ ವೈಮಾನಿಕರು ಮಂಜು, ಹಿಮ, ಕತ್ತಲೆಗಳಲ್ಲಿ ಕಾಗದದ ಚೀಲಗಳನ್ನು ಹೊತ್ತು ಹೊರಟರು. ಕೆಲವೇ ವಾರಗಳಲ್ಲಿ ಹನ್ನೆರಡು ಮಂದಿ ಮಡಿದರು. ಯುದ್ಧವಲ್ಲ, ಶತ್ರುವಿಲ್ಲ, ಟಪ್ಪಾಲಿಗಾಗಿ ಹನ್ನೆರಡು ಪ್ರಾಣ. ದೇಶವು ತಲ್ಲಣಿಸಿತು.

ಸೇನಾಧಿಕಾರಿಗಳು ಲಿಂಕ್ ಅವರ ಯಂತ್ರವನ್ನು ಪರಿಶೀಲಿಸಲೆಂದು ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಸೇರಿದ ದಿನ ದಟ್ಟವಾದ ಮಂಜು ಕವಿದಿತ್ತು. ಇಂಥ ಹವೆಯಲ್ಲಿ ಯಾರೂ ಹಾರಿ ಬರಲಾರರೆಂದು ಅವರು ಹೊರಡುವ ಸನ್ನಾಹದಲ್ಲಿದ್ದಾಗ, ಮಂಜನ್ನು ಸೀಳಿಕೊಂಡು ವಿಮಾನವೊಂದು ಇಳಿಯಿತು. ಬಿಂಗ್‌ಹ್ಯಾಂಟನ್ನಿನಿಂದ ಮಾಪಕಗಳನ್ನೇ ನಂಬಿಕೊಂಡು ಲಿಂಕ್ ಅವರು ಬಂದಿದ್ದರು. ಮುಂದೆ ವಾದಕ್ಕೆ ಅವಕಾಶವೇ ಇರಲಿಲ್ಲ. ಒಂದಕ್ಕೆ 3,500 ಡಾಲರಿನಂತೆ ಆರು ಯಂತ್ರಗಳನ್ನು ಸೇನೆ ಕೊಂಡಿತು. ಬೇರೆ ದೇಶಗಳೂ ಒಂದರ ಹಿಂದೊಂದು ಬೇಡಿಕೆ ಸಲ್ಲಿಸಿದವು. ಅವುಗಳಲ್ಲಿ ಜಪಾನಿನ ನೌಕಾದಳವೂ ಸೇರಿತ್ತೆಂಬುದು ಮುಂದಿನ ಇತಿಹಾಸವನ್ನು ಬಲ್ಲವರಿಗೆ ವಿಚಿತ್ರವೆನಿಸಬಹುದು. ವಿದ್ಯೆಗೆ ಪಕ್ಷವಿಲ್ಲ, ಮಾರಾಟಕ್ಕಂತೂ ಇಲ್ಲವೇ ಇಲ್ಲ.

ಈ ಯಂತ್ರದಲ್ಲಿ ಶಿಷ್ಯನೊಬ್ಬನ ವಿದ್ಯಾಭ್ಯಾಸವು ಹೇಗೆ ಮುಂದುವರಿಯುತ್ತಿತ್ತೆಂಬುದನ್ನು ಉಪಾಧ್ಯಾಯ ಬಂಧುಗಳಿಗಾಗಿ ತುಸು ವಿಸ್ತರಿಸಿ ಹೇಳಬೇಕು. ನೀಲಿ ಬಣ್ಣದ ಪೆಟ್ಟಿಗೆಯಂತಹ ಒಡಲು, ಹಳದಿ ರೆಕ್ಕೆಗಳು. ಸೈನಿಕರು ಅದನ್ನು ನೀಲಿಪೆಟ್ಟಿಗೆಯೆಂದೇ ಕರೆದರು. ಮೊದಲು ಮುಚ್ಚಳ ತೆರೆದೇ ಇರುವುದು. ವಿಮಾನವನ್ನು ಮಟ್ಟಸವಾಗಿ ನಿಲ್ಲಿಸುವುದೇ ಪ್ರಥಮ ಪಾಠ. ಕೇಳಲು ಸುಲಭ, ಆದರೆ ಯಂತ್ರವು ಎಷ್ಟು ಸೂಕ್ಷ್ಮವೆಂದರೆ ಹೊಸಬನು ಕೋಲನ್ನು ಬಿಗಿಯಾಗಿ ಹಿಡಿದಷ್ಟೂ ಅದು ಹೆಚ್ಚು ಹೊಯ್ದಾಡುವುದು. ಮುಷ್ಟಿ ಸಡಿಲಿಸಿ ಎರಡು ಬೆರಳಿನಿಂದ ಹಿಡಿಯಲು ಕಲಿತವನಿಗೆ ಅದು ಮಣಿಯುವುದು. ಬಳಪವನ್ನು ಮುರಿಯುವಂತೆ ಒತ್ತಿ ಬರೆಯುವ ಎಳೆಯ ಮಕ್ಕಳನ್ನು ನೋಡಿದವರಿಗೆ ಈ ಮಾತು ಬೇಗನೆ ಅರ್ಥವಾದೀತು.

ಅನಂತರ ಮುಚ್ಚಳ ಮುಚ್ಚುವರು. ಒಳಗೆ ಮಂದವಾದ ಬೆಳಕು, ಎದುರಿಗೆ ಮಾಪಕಗಳ ಮುಖಗಳು, ಕಿವಿಗೆ ಕಟ್ಟಿದ ಫೋನಿನಲ್ಲಿ ಗುರುವಿನ ಧ್ವನಿ. ವೇಗ, ಎತ್ತರ, ದಿಕ್ಕು, ತಿರುವು, ಓಲು, ಒಂದೊಂದನ್ನೂ ಒಂದೊಂದು ಮುಳ್ಳು ಸೂಚಿಸುವುದು. ಎರಡು ನಿಮಿಷದಲ್ಲಿ ಪೂರ್ಣ ಸುತ್ತು ಬರುವಂತೆ, ಎಂದರೆ ಸೆಕೆಂಡಿಗೆ 3 ಅಂಶದಂತೆ, ಎತ್ತರ ಕೆಡಿಸದೆ ತಿರುಗಬೇಕು. ಒಂದು ಮುಳ್ಳನ್ನೇ ದಿಟ್ಟಿಸಿದವನಿಗೆ ಉಳಿದವು ಕೈತಪ್ಪುತ್ತವೆ. ಕಣ್ಣು ಒಂದೆಡೆ ನಿಲ್ಲದೆ ಎಲ್ಲವನ್ನೂ ಸುತ್ತುತ್ತಿರಬೇಕು. ಸ್ವಲ್ಪ ಹೊತ್ತಿಗೆ ಶರೀರದ ಸುಳ್ಳು ಆರಂಭವಾಗುವುದು. ಎಡಕ್ಕೆ ವಾಲಿದ್ದೇನೆಂದು ಮೈ ಹೇಳುವುದು, ಮಟ್ಟಸವಾಗಿದ್ದೀಯೆಂದು ಮಾಪಕ ಹೇಳುವುದು. ಮೈಯನ್ನು ನಂಬಿ ಕೋಲನ್ನು ಬಲಕ್ಕೆ ತಳ್ಳಿದವನ ವೇಗ ಕುಂದಿ, ಪೆಟ್ಟಿಗೆ ಮುಗ್ಗರಿಸಿ, ಗಿರಗಿರನೆ ಸುತ್ತತೊಡಗುವುದು. ಎತ್ತರದ ಮುಳ್ಳು ಸರಸರನೆ ಇಳಿದು ಸೊನ್ನೆಗೆ ಬರುವುದು. ಅಲ್ಲಿಗೆ ಅವನು ಸತ್ತಂತೆ. ಮುಚ್ಚಳ ತೆರೆಯುವರು. ಬೆವರು ಒರೆಸಿಕೊಂಡು, ನಾಚಿಕೊಂಡು, ಮತ್ತೆ ಕುಳಿತುಕೊಳ್ಳುವನು.

ಇಷ್ಟು ಕರಗತವಾದ ಮೇಲೆ ರೇಡಿಯೋ ಪಾಠ. ಆ ಕಾಲದಲ್ಲಿ ನಿಲ್ದಾಣಗಳಿಂದ ಎರಡು ಬಗೆಯ ಸಂಕೇತಗಳು ಹೊರಡುತ್ತಿದ್ದವು. ಒಂದು ಕಡೆಯಲ್ಲಿ ಹ್ರಸ್ವದ ಬಳಿಕ ದೀರ್ಘ, ಇನ್ನೊಂದು ಕಡೆಯಲ್ಲಿ ದೀರ್ಘದ ಬಳಿಕ ಹ್ರಸ್ವ. ಎರಡೂ ಕೂಡುವ ಕಿರಿದಾದ ದಾರಿಯಲ್ಲಿ ಮಾತ್ರ ಅವು ಒಂದರೊಳಗೊಂದು ಬೆರೆತು ಅಖಂಡ ನಾದವಾಗಿ ಕೇಳುವುದು. ಛಂದಸ್ಸು ಕಲಿತವರಿಗೆ ಲಘು ಗುರುಗಳ ಈ ಆಟವು ಪರಿಚಿತವೆನಿಸಿ ನಗೆ ಬಂದೀತು. ನಿಲ್ದಾಣದ ನೆತ್ತಿಯ ಮೇಲೆ ಬಂದೊಡನೆ ನಾದವೆಲ್ಲ ಅಡಗಿ ನಿಶ್ಶಬ್ದವಾಗುವುದು. ಆ ನಿಶ್ಶಬ್ದವೇ ಊರು ಬಂದುದರ ಗುರುತು. ಈ ಸಂಕೇತಗಳನ್ನೆಲ್ಲ ಗುರುವು ಹೊರಗಿನ ಮೇಜಿನ ಮುಂದೆ ಕುಳಿತು ಶಿಷ್ಯನ ಕಿವಿಗೆ ಕಳುಹುತ್ತಿದ್ದನು. ಅಡ್ಡಗಾಳಿಯನ್ನೂ ಅವನೇ ಬೀಸಿಸುವನು, ಮೋಡದ ಕುಲುಕಾಟವನ್ನೂ ಅವನೇ ತರುವನು.

ಆ ಮೇಜಿನ ಮೇಲಿದ್ದ ಒಂದು ಉಪಕರಣವು ನನ್ನನ್ನು ಬಹುವಾಗಿ ಆಕರ್ಷಿಸಿತು. ಮೂರು ಚಿಕ್ಕ ಗಾಲಿಗಳ ಒಂದು ಪುಟ್ಟ ಗಾಡಿ. ಏಡಿಯೆಂದು ಅದಕ್ಕೆ ಅಡ್ಡಹೆಸರು. ಪೆಟ್ಟಿಗೆಯೊಳಗೆ ಶಿಷ್ಯನು ಎತ್ತ ತಿರುಗಿದರೆ ಈ ಏಡಿಯು ನಕ್ಷೆಯ ಮೇಲೆ ಅತ್ತ ತೆವಳುತ್ತ ಮಸಿಯ ಗೆರೆಯನ್ನು ಎಳೆಯುತ್ತ ಹೋಗುವುದು. ಪಾಠ ಮುಗಿಸಿ ಹೊರಬಂದ ಶಿಷ್ಯನು ತಾನು ನೇರವಾಗಿ ನಿಲ್ದಾಣಕ್ಕೆ ಹೋದೆನೆಂದೇ ತಿಳಿದಿರುವನು. ನಕ್ಷೆಯಲ್ಲಿ ಅವನ ಗೆರೆ ಬೆಟ್ಟದೊಳಗೆ ಹೊಕ್ಕಿರುವುದು. ಗದರಿಸುವ ಅಗತ್ಯವೇ ಇಲ್ಲ. ದಿನದಿನದ ನಕ್ಷೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಮೊದಲ ವಾರದ ಸಿಕ್ಕುಸಿಕ್ಕಾದ ಗೀಚು ಬರಬರುತ್ತ ಬಿಡಿಸಿಕೊಂಡು, ಕೊನೆಗೊಂದು ದಿನ ನಿಲ್ದಾಣದಿಂದ ನಿಲ್ದಾಣಕ್ಕೆ ತಂತಿ ಎಳೆದಂತೆ ನೇರವಾಗುವುದನ್ನು ಕಾಣಬಹುದು. ವರ್ಷಕ್ಕೊಮ್ಮೆ ಅಂಕಪಟ್ಟಿಯನ್ನು ಬರೆದು ಮಗುವಿನ ಪ್ರಗತಿಯನ್ನು ತಿಳಿದೆವೆಂದು ಸಮಾಧಾನಪಟ್ಟುಕೊಳ್ಳುವ ನಾವು ಈ ಏಡಿಯ ಮುಂದೆ ತಲೆ ತಗ್ಗಿಸಬೇಕು.

ಎರಡನೆಯ ಮಹಾಯುದ್ಧ ಬಂದಿತು. ಬಿಂಗ್‌ಹ್ಯಾಂಟನ್ನಿನಲ್ಲಿಯೂ ಕೆನಡಾದ ಗ್ಯಾನನಾಕ್ವೆಯಲ್ಲಿಯೂ ಕಾರ್ಖಾನೆಗಳು ಹಗಲಿರುಳು ದುಡಿದವು. ಕೆಲಸ ಭರದಿಂದ ನಡೆದ ದಿನಗಳಲ್ಲಿ ಮುಕ್ಕಾಲು ಗಂಟೆಗೊಂದು ಯಂತ್ರ ಹೊರಬೀಳುತ್ತಿತ್ತು. ಒಟ್ಟು ಸುಮಾರು 10,000 ಯಂತ್ರಗಳು ತಯಾರಾದವೆಂದೂ, ಅಮೆರಿಕದ 5 ಲಕ್ಷಕ್ಕೂ ಮಿಕ್ಕ ವೈಮಾನಿಕರು ಅವುಗಳಲ್ಲಿ ಕಲಿತರೆಂದೂ ಲೆಕ್ಕ. ನೌಕಾಯಾನಶಾಸ್ತ್ರದಲ್ಲಿ ಪರಿಣತರಾದ ವೀಮ್ಸ್ ಅವರೊಡಗೂಡಿ ಲಿಂಕ್ ಅವರು 45 ಅಡಿ ಎತ್ತರದ ಗೋಪುರವೊಂದರಲ್ಲಿ ಕೃತಕ ನಕ್ಷತ್ರಗಳ ಆಕಾಶವನ್ನೇ ಕಟ್ಟಿ, ಬಾಂಬರ್ ವಿಮಾನದ ತಂಡವು ಚುಕ್ಕಿಗಳನ್ನು ನೋಡಿ ದಾರಿ ಹುಡುಕುವ ವಿದ್ಯೆಯನ್ನು ನೆಲದಲ್ಲಿಯೇ ಕಲಿಯುವಂತೆ ಮಾಡಿದರು. ಯುದ್ಧದ ವಿಷಯವನ್ನು ಹೆಚ್ಚು ಬೆಳೆಸಲು ಮನಸ್ಸಿಲ್ಲ. ಆ ತರುಣರಲ್ಲಿ ಅನೇಕರು ಬದುಕಿ ಮನೆಗೆ ಮರಳಿದ್ದಕ್ಕೆ ನೀಲಿಪೆಟ್ಟಿಗೆಯೂ ಒಂದು ಕಾರಣ. ಅವರು ಕಲಿತ ವಿದ್ಯೆ ಎಷ್ಟು ಊರುಗಳ ಮೇಲೆ ಬೆಂಕಿಯಾಗಿ ಸುರಿಯಿತೆಂಬುದೂ ಅಷ್ಟೇ ನಿಜ.

1953ರಲ್ಲಿ ದಂಪತಿಗಳು ವಿದ್ಯಾಪ್ರೋತ್ಸಾಹಕ್ಕಾಗಿ ಲಿಂಕ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಮರುವರ್ಷ ಕಂಪನಿಯನ್ನು ಮಾರಿದರು. ಆ ಕಂಪನಿಯ ವಾರಸುದಾರರು ಮುಂದೆ ಚಂದ್ರಯಾನದ ಅಪೊಲೊ ನೌಕೆಗಳಿಗೂ ಶಿಕ್ಷಣಯಂತ್ರಗಳನ್ನು ನಿರ್ಮಿಸಿಕೊಟ್ಟರು. 1970ರ ಏಪ್ರಿಲಿನಲ್ಲಿ ಅಪೊಲೊ 13 ನೌಕೆಯು ದಾರಿಮಧ್ಯದಲ್ಲಿ ಅಪಘಾತಕ್ಕೀಡಾದಾಗ, ನೆಲದಲ್ಲಿದ್ದ ಗಗನಯಾತ್ರಿಗಳು ಅಂಥ ಯಂತ್ರದೊಳಗೆ ಕುಳಿತು ಪಾರಾಗುವ ಕ್ರಮಗಳನ್ನು ಮೊದಲು ತಾವು ಮಾಡಿ ನೋಡಿ, ಮೇಲಿನವರಿಗೆ ತಿಳಿಸಿದರು. ಇಂದಿನ ಸಿಮ್ಯುಲೇಟರುಗಳು ಆರು ಕಾಲುಗಳ ಮೇಲೆ ನಿಂತು ಎಲ್ಲ ದಿಕ್ಕಿಗೂ ವಾಲುತ್ತವೆ, ಕಿಟಕಿಯಲ್ಲಿ ಊರು ಮಳೆ ಮಿಂಚುಗಳನ್ನು ತೋರಿಸುತ್ತವೆ. ನುರಿತ ಚಾಲಕರು ಹೊಸ ಬಗೆಯ ವಿಮಾನಕ್ಕೆ ಬದಲಾಗುವಾಗ ಬಹುಪಾಲು ಪಾಠವನ್ನು ಅವುಗಳಲ್ಲಿಯೇ ಮುಗಿಸುತ್ತಾರೆ.

ಐವತ್ತು ವರ್ಷ ತುಂಬಿದ ಮೇಲೆ ಲಿಂಕ್ ಅವರ ದೃಷ್ಟಿ ಆಕಾಶದಿಂದ ಸಮುದ್ರಕ್ಕೆ ಇಳಿಯಿತು. ಸೀ ಡೈವರ್ ಎಂಬ ಹಡಗನ್ನು ಕಟ್ಟಿಸಿ, 1959ರಲ್ಲಿ ಜಮೈಕಾ ದ್ವೀಪದ ಪೋರ್ಟ್ ರಾಯಲ್ ಪಟ್ಟಣದ ಅವಶೇಷಗಳನ್ನು ಶೋಧಿಸಿದರು. 1692ರ ಜೂನ್ 7ರಂದು ಭೂಕಂಪದಲ್ಲಿ ಮುಳುಗಿದ ಊರದು. ಅಲ್ಲಿ ದೊರೆತ ಹಿತ್ತಾಳೆಯ ಗಡಿಯಾರವೊಂದನ್ನು ಎಕ್ಸ್‌ರೇ ಮಾಡಿ ನೋಡಿದಾಗ ಮುಳ್ಳುಗಳು ಹನ್ನೆರಡು ಗಂಟೆಗೆ ಹದಿನೇಳು ನಿಮಿಷ ಇದ್ದಾಗ ನಿಂತಿದ್ದವೆಂದು ತಿಳಿಯಿತು. ಸಮುದ್ರದ ಆಳದಲ್ಲಿ ಮನುಷ್ಯರು ದೀರ್ಘಕಾಲ ಉಳಿದು ಕೆಲಸ ಮಾಡುವಂತಾಗಬೇಕೆಂಬುದು ಮುಂದಿನ ಗುರಿಯಾಯಿತು. 1962ರ ಆಗಸ್ಟಿನಲ್ಲಿ ಫ್ರಾನ್ಸಿನ ವಿಲ್‌ಫ್ರಾಂಶ್ ತೀರದಲ್ಲಿ, ತಾವೇ ರಚಿಸಿದ ಅಲ್ಯೂಮಿನಿಯಂ ಕೊಳವೆಯಲ್ಲಿ ಅವರು 60 ಅಡಿ ಆಳದಲ್ಲಿ ಎಂಟು ಗಂಟೆ ಇದ್ದು ಬಂದರು. ಆಗ ಅವರಿಗೆ 58 ವಯಸ್ಸು. ಬೇರೆಯವರನ್ನು ಇಳಿಸುವ ಮುನ್ನ ತಾವು ಇಳಿಯುವುದು ಅವರ ರೀತಿ. ಮರುತಿಂಗಳು ರಾಬರ್ಟ್ ಸ್ಟೆನುಯಿ ಎಂಬ ಬೆಲ್ಜಿಯಂ ದೇಶದವರು ಅದರಲ್ಲಿಯೇ 200 ಅಡಿ ಆಳದಲ್ಲಿ ಒಂದು ದಿನಕ್ಕೂ ಮಿಕ್ಕು ಇದ್ದರು. 1964ರಲ್ಲಿ ಬಹಾಮಾ ದ್ವೀಪಗಳ ಬಳಿ ಅದೇ ಸ್ಟೆನುಯಿ ಹಾಗೂ ಪ್ರಸಿದ್ಧ ವೈಮಾನಿಕ ಲಿಂಡ್‌ಬರ್ಗ್ ಅವರ ಮಗ ಜಾನ್ ಇಬ್ಬರೂ 432 ಅಡಿ ಆಳದಲ್ಲಿ 49 ಗಂಟೆಗಳನ್ನು ಕಳೆದರು.

1971ರಲ್ಲಿ ದಾನಿಗಳಾದ ಸೀವರ್ಡ್ ಜಾನ್ಸನ್ ಅವರ ನೆರವಿನಿಂದ ಜಾನ್ಸನ್ ಸೀ ಲಿಂಕ್ ಎಂಬ ಕಿರಿಯ ಜಲಾಂತರ್ನೌಕೆ ಸಿದ್ಧವಾಯಿತು. ಮುಂಭಾಗದಲ್ಲಿ ಸುತ್ತಲೂ ಕಾಣುವ ಪಾರದರ್ಶಕ ಅಕ್ರಿಲಿಕ್ ಗೋಳ. ಹಿಂಭಾಗದಲ್ಲಿ ಮುಳುಗುಗಾರರು ನೀರಿಗಿಳಿಯಲು ಅಲ್ಯೂಮಿನಿಯಂ ಕೋಣೆ. ಲಿಂಕ್ ಅವರ ಕಿರಿಯ ಮಗ ಕ್ಲೇಟನ್ ತಂದೆಯ ದಾರಿಯನ್ನೇ ಹಿಡಿದು ಸಮುದ್ರಶೋಧನೆಯಲ್ಲಿ ತೊಡಗಿದ್ದರು. 1973ರ ಜೂನ್ 17, ಭಾನುವಾರ. ಅಮೆರಿಕೆಯಲ್ಲಿ ಅದು ತಂದೆಯರ ದಿನವೆಂದು ಆಚರಿಸುವ ದಿನ. ಫ್ಲಾರಿಡಾದ ಕೀ ವೆಸ್ಟ್ ಸಮೀಪ, ಮೀನುಗಳಿಗೆ ಆಸರೆಯಾಗಲೆಂದು ಮುಳುಗಿಸಿದ್ದ ಹಳೆಯ ಯುದ್ಧನೌಕೆಯೊಂದರ ಬಳಿ, ಸುಮಾರು 360 ಅಡಿ ಆಳದಲ್ಲಿ ಜಲಾಂತರ್ನೌಕೆಯು ತಂತಿ ಹಗ್ಗಗಳಿಗೆ ಸಿಕ್ಕಿಕೊಂಡಿತು. ಒಳಗೆ ನಾಲ್ವರಿದ್ದರು. ಮುಂಭಾಗದಲ್ಲಿ ಇಬ್ಬರು, ಹಿಂದಿನ ಕೋಣೆಯಲ್ಲಿ 31 ವಯಸ್ಸಿನ ಕ್ಲೇಟನ್ ಮತ್ತು 51 ವಯಸ್ಸಿನ ಆಲ್ಬರ್ಟ್ ಸ್ಟೋವರ್. ಮೇಲೆ ಸೀ ಡೈವರ್ ಹಡಗಿನಲ್ಲಿ ತಂದೆ.

ನೌಕಾದಳದ ಮುಳುಗುಗಾರರು ಮತ್ತೆ ಮತ್ತೆ ಇಳಿದರೂ ನೀರಿನ ಸೆಳೆತಕ್ಕೆ ಹಿಮ್ಮೆಟ್ಟಬೇಕಾಯಿತು. ಗಂಟೆಗಳು ಉರುಳಿದವು. ಉಸಿರಿನಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳಲು ನೌಕೆಯಲ್ಲಿ ರಾಸಾಯನಿಕವಿತ್ತು. ಆದರೆ ಅದು ಚಳಿಯಲ್ಲಿ ಸರಿಯಾಗಿ ಕೆಲಸ ಮಾಡದು. ಅಕ್ರಿಲಿಕ್ ಗೋಳವು ಒಳಗಿನ ಬಿಸಿಯನ್ನು ಹಿಡಿದಿಟ್ಟುಕೊಂಡಿತು. ಅಲ್ಯೂಮಿನಿಯಂ ಕೋಣೆಯಾದರೋ ಸಮುದ್ರದಷ್ಟೇ ತಣ್ಣಗಾಯಿತು. ಒಂದು ದಿನಕ್ಕೂ ಮಿಕ್ಕ ಸಮಯದ ಮೇಲೆ, ಬೇರೊಂದು ಹಡಗಿನವರು ಕ್ಯಾಮೆರಾ ಇಳಿಸಿ, ಕೊಕ್ಕೆ ಹಾಕಿ ನೌಕೆಯನ್ನು ಬಿಡಿಸಿ ಮೇಲಕ್ಕೆ ತಂದಾಗ ಮುಂದಿನ ಇಬ್ಬರು ಬದುಕಿದ್ದರು. ಹಿಂದಿನ ಇಬ್ಬರು ತೀರಿಕೊಂಡಿದ್ದರು.

ಇಲ್ಲಿ ಲೇಖನಿ ತಡೆಯುತ್ತದೆ. ಅನ್ಯರ ಮಕ್ಕಳು ಮೋಡದಲ್ಲಿ ಸಾಯದಿರಲೆಂದು ಬದುಕಿನ ಅರ್ಧಭಾಗವನ್ನು ಸವೆಸಿದವರ ಮಗ, ತಂದೆಯೇ ರಚಿಸಿದ ನೌಕೆಯಲ್ಲಿ, ತಂದೆಯ ಕಾಲ ಕೆಳಗೆ ಕೇವಲ 360 ಅಡಿ ಆಳದಲ್ಲಿ ಅಸುನೀಗಿದನು. ವಿಮಾನಕ್ಕೆ ನೆಲದ ಮೇಲೊಂದು ಅಭ್ಯಾಸದ ಪೆಟ್ಟಿಗೆಯಿತ್ತು. ಸಮುದ್ರದ ತಳಕ್ಕೆ ಅಂಥದೊಂದು ಇನ್ನೂ ಆಗಿರಲಿಲ್ಲ. ಅಲ್ಲಿ ತಪ್ಪು ತಿಳಿಯುತ್ತಿದ್ದುದು ನಿಜವಾದ ನೀರಿನಲ್ಲಿಯೇ.

ಆಗ ಲಿಂಕ್ ಅವರಿಗೆ 69 ತುಂಬುತ್ತಿತ್ತು. ಅವರು ಮನೆಯಲ್ಲಿ ಕೂರಲಿಲ್ಲ, ಜಲಾಂತರ್ನೌಕೆಗಳ ಕೆಲಸವನ್ನು ತೊರೆಯಲೂ ಇಲ್ಲ. ಆಳದಲ್ಲಿ ಸಿಕ್ಕಿಕೊಂಡ ನೌಕೆಯ ಬಳಿಗೆ ಮನುಷ್ಯರನ್ನು ಕಳುಹದೆ ಹೋಗಬಲ್ಲ ಯಂತ್ರವೊಂದನ್ನು ರೂಪಿಸಲು ಕುಳಿತರು. ಹಡಗಿನಿಂದ ಕೇಬಲ್ ಮೂಲಕ ನಡೆಸಬಹುದಾದ, ಕ್ಯಾಮೆರಾ ಕಣ್ಣುಗಳಿಂದ ನೋಡುವ, ಸಿಕ್ಕಿಕೊಂಡ ಹಗ್ಗಗಳನ್ನು ಕತ್ತರಿಸುವ ಹಸ್ತಗಳಿದ್ದ ಯಂತ್ರವದು. ಸುಮಾರು ಎರಡು ವರ್ಷಗಳ ದುಡಿಮೆಯ ಫಲವಾಗಿ ಅದು ಸಿದ್ಧವಾಯಿತು. ಜಾನ್ಸನ್ ಸೀ ಲಿಂಕ್ ನೌಕೆಯೂ ಮತ್ತೆ ಸಮುದ್ರಕ್ಕಿಳಿದು, ಇನ್ನೂ ಅನೇಕ ವರ್ಷ ವಿಜ್ಞಾನಿಗಳನ್ನು ಆಳಕ್ಕೆ ಕರೆದೊಯ್ದು ಮರಳಿ ತಂದಿತು.

ಕೊನೆಯ ವರ್ಷಗಳಲ್ಲಿ ಅವರು ತಂದೆಯ ಕಾರ್ಖಾನೆಯ ಹಳೆಯ ಚಿತ್ರಮಂದಿರದ ಆರ್ಗನ್‌ಗಳ ಕಡೆಗೂ ಮತ್ತೆ ಒಲಿದರು. 1981ರ ಸೆಪ್ಟೆಂಬರ್ 7ರಂದು ಬಿಂಗ್‌ಹ್ಯಾಂಟನ್ನಿನಲ್ಲಿಯೇ, 77ರ ವಯಸ್ಸಿನಲ್ಲಿ, ಲಿಂಕ್ ಅವರು ಕಾಲವಾದರು. ಅಲ್ಲಿಯ ವಿಮಾನ ನಿಲ್ದಾಣದ ಬಯಲಿಗೆ ಅವರ ಹೆಸರನ್ನಿಟ್ಟಿದ್ದಾರೆ. ಊರಿನ ರಾಬರ್ಸನ್ ವಸ್ತುಸಂಗ್ರಹಾಲಯದಲ್ಲಿ ಒಂದು ನೀಲಿಪೆಟ್ಟಿಗೆಯನ್ನು ಇರಿಸಿದ್ದಾರೆ, ಆ ಕಾರ್ಖಾನೆಯ ಆರ್ಗನ್ ಒಂದು ಅದೇ ಕಟ್ಟಡದಲ್ಲಿದೆ.